ನೀಲಿ ಬಂದವರ ಬೆಂಚು

"ಪಾಪಣ್ಣ, ಬೆಂಚಿನ ಕೆಳಗೆ ಇಲಿ ಸತ್ತಿರಬೇಕು, ನೋಡೋ," ಎಂದು ಡಾಕ್ಟರ್ ಓಂಕಾರಪ್ಪ ಮೂಗಿಗೆ ಕರ್ಚೀಫು ಒತ್ತಿಕೊಂಡರು.

ಕಾಂಪೌಂಡರ್ ಪಾಪಣ್ಣ ಬಗ್ಗಿ ನೋಡಿದ. ಇಲಿ ಇರಲಿಲ್ಲ. ಚನ್ನಗಿರಿಯ ಆ ದವಾಖಾನೆಯಲ್ಲಿ ಗುರುವಾರ ಸಕ್ಕರೆ ಕಾಯಿಲೆಯವರ ದಿನ. ಟಾನಿಕ್ಕಿನದೋ, ಎಣ್ಣೆಯದೋ, ಬ್ರಾಂದಿಯದೋ, ಕೈಗೆ ಸಿಕ್ಕ ಸೀಸೆಯಲ್ಲಿ ಉಚ್ಚೆ ತುಂಬಿಕೊಂಡು ಸುತ್ತಲಿನ ಹಳ್ಳಿಗಳಿಂದ ಜನ ಬಸ್ಸು ಹತ್ತಿ ಬರುತ್ತಿದ್ದರು. ಪಾಪಣ್ಣ ಅದರ ನಾಲ್ಕಾರು ಹನಿಯನ್ನು ನೀಲಿ ಔಷಧಕ್ಕೆ ಬಿಟ್ಟು ಸ್ಪಿರಿಟ್ ದೀಪದ ಮೇಲೆ ಕುದಿಸುವನು. ನೀಲಿ ನೀಲಿಯಾಗೇ ಉಳಿದರೆ ಸಕ್ಕರೆ ಇಲ್ಲ. ಇಟ್ಟಿಗೆ ಕೆಂಪಿಗೆ ತಿರುಗಿದರೆ ಅವರ ಗತಿ ಕೇಳುವುದೇ ಬೇಡ. ಕುದಿಯುವ ಉಚ್ಚೆಯ ನಾತ ಡಾಕ್ಟರಿಗೆ ಎಂದೋ ಒಗ್ಗಿಹೋಗಿತ್ತು. ಇವತ್ತಿನದು ಬೇರೆ ನಾತ.

ಓಂಕಾರಪ್ಪನವರದು ಒಂದು ಪದ್ಧತಿ ಇತ್ತು. ನೀಲಿ ಬಂದವರಿಗೆ ಕಿಟಕಿ ಪಕ್ಕದ ಬೆಂಚು. ಕೆಂಪು ಬಂದವರು ನಿಂತೇ ಇರಬೇಕು. ಕೆಂಪಾದ ಗಾಜಿನ ನಳಿಗೆಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, "ನೋಡ್ರಪ್ಪಾ, ಇದು ಉಚ್ಚೆಯಲ್ಲ, ರಾಮನವಮಿ ಪಾನಕ! ಯಾರಿಗೆ ಬೇಕು?" ಎನ್ನುವರು. ಜನ ಗೊಳ್ಳೆಂದು ನಗುವರು. ನಾಚಿಕೆಯಾದರೆ ಸಿಹಿ ಬೇಡುವ ನಾಲಿಗೆ ತಾನೇ ಕಟ್ಟುಬೀಳುತ್ತದೆ ಎಂದು ಅವರ ನಂಬಿಕೆ. ನಂಬಿಕೆ ಫಲ ಕೊಟ್ಟಂತೆಯೂ ಕಂಡಿತ್ತು. ಎರಡು ವರ್ಷದಲ್ಲಿ ಕಿಟಕಿ ಪಕ್ಕ ಇನ್ನೊಂದು ಬೆಂಚು ಹಾಕಿಸಬೇಕಾಯಿತು. ಹಳ್ಳಿಯ ಜನರಲ್ಲಿ ಸಕ್ಕರೆ ಕಾಯಿಲೆಯನ್ನು ಹತೋಟಿಗೆ ತಂದ ಬಗೆಯನ್ನು ಅವರು ಬರುವ ತಿಂಗಳು ದಾವಣಗೆರೆಯಲ್ಲಿ ವೈದ್ಯರ ಸಭೆಯ ಮುಂದೆ ಓದುವವರಿದ್ದರು.

ನಾತ ಬರುತ್ತಿದ್ದುದು ಆ ಬೆಂಚಿನಿಂದಲೇ. ನಲ್ಲೂರಿನ ಉಚ್ಚಂಗಮ್ಮ ಗೋಡೆಗೆ ಒತ್ತಿಕೊಂಡು, ಕಾಲನ್ನು ಸೀರೆಯೊಳಗೆ ಮಡಚಿಕೊಂಡು ಕೂತಿದ್ದಳು. ಅವಳದು ವರ್ಷದಿಂದ ತಪ್ಪದೆ ನೀಲಿ. ಅದನ್ನು ನೆಚ್ಚಿ ಡಾಕ್ಟರು ಅವಳ ಮಾತ್ರೆಯನ್ನೂ ಅರ್ಧಕ್ಕೆ ಇಳಿಸಿದ್ದರು. ಅವಳ ಸುತ್ತ ಪೌಡರಿನ ವಾಸನೆ, ಅದರಡಿ ಕೊಳೆತ ವಾಸನೆ.

"ಕಾಲು ತೋರ್ಸಮ್ಮ."

"ಏನಿಲ್ಲ ಬಿಡ್ರಿ. ಬಚ್ಚಲ ಒಲೆ ಕೆಂಡ ತಾಕಿತ್ತು. ಉರೀನೇ ಇಲ್ಲ, ನೋವೂ ಇಲ್ಲ."

ನೋವಿಲ್ಲ ಎಂಬ ಮಾತೇ ಡಾಕ್ಟರನ್ನು ಹೆದರಿಸಿತು; ಸಕ್ಕರೆ ಏರಿದವರ ಕಾಲಿಗೇ ಹೀಗೆ ಅರಿವು ಸಾಯುವುದು. ಬಲಗಾಲು ಎಳೆದು ಬಟ್ಟೆ ಬಿಚ್ಚಿದರು. ಅರಿಸಿನ, ಕಾಫಿಪುಡಿ, ಕೀವು ಎಲ್ಲ ಕಲಸಿಕೊಂಡು ಬಟ್ಟೆ ಚರ್ಮಕ್ಕೇ ಅಂಟಿತ್ತು. ಹೆಬ್ಬೆರಳು ಕರ್ರಗಾಗಿತ್ತು. ಸಂದಿಯಲ್ಲಿ ಬೆಳ್ಳಗೆ ಏನೋ ಮಿಸುಕಿತು. ಪಾಪಣ್ಣ ಬಾಯಿ ಮುಚ್ಚಿಕೊಂಡು ಹಿತ್ತಲಿಗೆ ಓಡಿದ.

"ಕಾಲು ಹಿಂಗೆ ಕೊಳೀತೈತೆ, ಉಚ್ಚೆ ನೀಲಿ ಬರ್ತೈತೆ. ಹೆಂಗಮ್ಮ ಇದು?" ಎಂದು ಡಾಕ್ಟರು ಗುಡುಗಿದರು.

ಬಾಗಿಲಲ್ಲಿ ನಿಂತಿದ್ದ ಸೊಸೆ ಚೌಡಮ್ಮ ಸೆರಗನ್ನು ಬೆರಳಿಗೆ ಸುತ್ತುತ್ತ, "ಅದು ನಂದ್ರೀ ಸಾರ್," ಎಂದಳು.

"ಏನು ನಿಂದು?"

"ಸೀಸೇಲಿರೋದು. ಮೊದ್ಲು ಒಂದ್ಸಲ ನೀವು ಪಾನಕ ಅಂದ್ರಲ್ರೀ, ಬಸ್ಸಿನ ತುಂಬ ಅದೇ ಮಾತಾತು. ಅತ್ತೆ ಎರಡು ದಿನ ಉಣ್ಲಿಲ್ಲ. ಇನ್ನು ದವಾಖಾನೆಗೆ ಬರಾಕಿಲ್ಲ ಅಂತ ಕುಂತ್ಬಿಟ್ರು. ಮಾತ್ರೆನಾದ್ರೂ ಸಿಗ್ಲಿ ಅಂತ ನಾನೇ..."

ಡಾಕ್ಟರು ಬೆಂಚಿನ ಕಡೆ ತಿರುಗಿದರು. ಅಲ್ಲಿದ್ದವರು ನಗಲಿಲ್ಲ. ಒಬ್ಬ ನೆಲ ನೋಡಿದ, ಇನ್ನೊಬ್ಬ ಕಿಟಕಿಯಾಚೆ ನೋಡಿದ. ಬಸವಾಪಟ್ಟಣದ ಶಿವಮೂರ್ತಪ್ಪನಂತೂ ತನ್ನ ಸೀಸೆಯನ್ನು ಮೆಲ್ಲಗೆ ಪಂಚೆಯೊಳಗೆ ಸರಿಸಿಕೊಂಡ. ಗಾದೆ ಡಾಕ್ಟರಿಗೇ ಒಪ್ಪುವಂತಿತ್ತು: ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ಕಂಡಿತಂತೆ! ದಾವಣಗೆರೆಯಲ್ಲಿ ಓದಬೇಕಿದ್ದ ಆ ಪ್ರಬಂಧ ಯಾರ್ಯಾರ ಸೊಸೆಯರ, ಯಾರ್ಯಾರ ಮೊಮ್ಮಕ್ಕಳ ಉಚ್ಚೆಯ ಮೇಲೆ ನಿಂತಿತ್ತೋ ದೇವರಿಗೇ ಗೊತ್ತು. ಎಷ್ಟೋ ಹುಣ್ಣು ತೊಳೆದ ಡಾಕ್ಟರು, ಕೀವಿಗೆ ಹೇಸಿದವರಲ್ಲ. ಪಾನಕ ಎಂದ ತಮ್ಮ ಬಾಯಿಗೆ ಈಗ ಹೇಸಿದರು. ಆ ನಗೆ, ಆ ನಳಿಗೆ ಎತ್ತಿದ ಕೈ ಎಲ್ಲ ನೆನಪಾದವು.

ಬಾಯಿಗೆ ಬಂದ ಬೈಗುಳ ನುಂಗಿಕೊಂಡು, ಬೇಸಿನ್ನಿನಲ್ಲಿ ನೀರು ತರಿಸಿ ನೆಲದ ಮೇಲೆ ಕೂತರು. ಕಾಲನ್ನು ತೊಡೆಯ ಮೇಲಿಟ್ಟುಕೊಂಡು ತೊಳೆಯತೊಡಗಿದರು. ಉಚ್ಚಂಗಮ್ಮ ಬೆವರಿದಳು.

"ಯಾಕ್ರೀ ಸುಮ್ಕೆ ಅದೀರಿ? ಬೈಯ್ರಿ."

"ಬೈಯಲ್ಲಮ್ಮ."

"ಹಂಗಾರೆ ನಾನು ಉಳಿಯಾಕಿಲ್ಲ. ಸಾಯೋರ್ನಲ್ವಾ ಬೈಯದೆ ಬಿಡೋದು."

"ಉಳೀತೀರಿ. ಬೆರಳು ಹೋಗುತ್ತೆ. ಇವತ್ತೇ ದಾವಣಗೆರೆಗೆ ಹೋಗಾಣ, ನಾನೂ ಬರ್ತೀನಿ. ಈ ಕಾಲು ಉಳಿದ್ರೆ ನಡ್ಕೊಂಡು ಊರಿಗೆ ಹೋಗ್ತೀರಿ."

ಅವಳು ಸೊಸೆಯ ಮುಖ ನೋಡಿದಳು, ಬೆಂಚಿನವರನ್ನು ನೋಡಿದಳು. ಕೊನೆಗೆ ಡಾಕ್ಟರ ಕೈಯನ್ನು ನೋಡಿದಳು.

"ಖರೇನೇ ಬೈಯಾಕಿಲ್ವಾ?"

"ಇಲ್ಲಮ್ಮ."

ಉಚ್ಚಂಗಮ್ಮ ಸೀರೆಯ ನೆರಿಗೆ ಸರಿಸಿದಳು. ಅಷ್ಟು ಹೊತ್ತೂ ಮಡಚಿ ಅದರ ಮೇಲೇ ಕೂತಿದ್ದ ಎಡಗಾಲನ್ನು ಎರಡೂ ಕೈಯಲ್ಲಿ ಎತ್ತಿ ನಿಧಾನವಾಗಿ ಅವರ ಮುಂದೆ ಇಳಿಬಿಟ್ಟಳು. ಅದಕ್ಕೂ ಬಟ್ಟೆ ಸುತ್ತಿತ್ತು.