ಗಿಳಿಯಮ್ಮ ಕೇಳಿದ್ದು

“ಆ ಮನುಷ್ಯ ಒಳಗೆ ಕಾಲಿಡಕೂಡದು!” ಅಪ್ಪ ಬಾಗಿಲಿಗೆ ಅಡ್ಡವಾಗಿ ಕೈ ಚಾಚಿ ನಿಂತರು. ಮಗಳು ಆ ಕೈ ಹಿಡಿದು ಕೆಳಗಿಳಿಸಿದಳು. ಮೆಟ್ಟಿಲ ಕೆಳಗೆ ಕಾರ್ಖಾನೆಯ ಹಳೆಯ ಮ್ಯಾನೇಜರು ಹೂವು ಹಿಡಿದು ನಿಂತಿದ್ದರು. ನಿವೃತ್ತಿಯಾಗಿ ಎಷ್ಟೋ ವರ್ಷವಾಗಿತ್ತು, ಬೆನ್ನು ಬಾಗಿತ್ತು.

“ನಿಮ್ಮಮ್ಮನ ಹೊಟ್ಟೆ ಮೇಲೆ ಹೊಡೆದೋನು ಕಣೇ ಇವನು. ವಶೀಲಿ ಇದ್ದೋರಿಗೆ ಕೆಲಸ ಕೊಟ್ಟು ಅವಳನ್ನ ಹೊರಗೆ ಹಾಕಿದ.”

“ಇರಬಹುದಪ್ಪ. ಆದ್ರೆ ಅಮ್ಮ ಆಡಿದ ಆ ಭಾಷೆ ಬಲ್ಲೋರು ಊರಲ್ಲಿ ಇವರೊಬ್ರೇ. ನಾನೇ ಫೋನ್ ಮಾಡಿ ಕರೆಸಿದ್ದು.”

ಸೋಫಾ ಸರಿಸಿದ ಜಾಗದಲ್ಲಿ ಅಮ್ಮನ ದೇಹವನ್ನು ಮಲಗಿಸಿದ್ದರು. ಮೆದುಳಿಗೆ ಏಟಾದ ಮೇಲೆ ಅವಳ ಬಾಯಿಂದ ಮನೆಮಾತು ಪೂರ್ತಿ ಹೋಗಿತ್ತು. ಆಸ್ಪತ್ರೆಯಲ್ಲಿ ಕೊನೆಯವರೆಗೂ ಆಡಿದ್ದೆಲ್ಲ ಆ ಪರದೇಶದ ಭಾಷೆಯೇ, ಅದೂ ನೀರು ಹರಿದಂತೆ. ಮಗಳು ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಂಡಿದ್ದಳು.

“ಬೈದ್ಳೋ ಹೊಗಳಿದ್ಳೋ, ದೇವರಿಗೇ ಗೊತ್ತು,” ಎಂದರು ತಲೆಯ ಬಳಿ ಕೂತಿದ್ದ ಚಿಕ್ಕಮ್ಮ.

“ಏನೋ ಕೇಳ್ತಿದ್ಲು ಚಿಕ್ಕಮ್ಮ. ಕೇಳಿ ನನ್ನ ಮುಖ ನೋಡ್ತಿದ್ಲು. ನೀರೋ, ನೋವೋ... ಅದು ಗೊತ್ತಾಗ್ದೆ ನಾನು ಕಳಿಸಿಕೊಡಲ್ಲ.”

ಬೀದಿಯಲ್ಲಿ ಶವದ ವ್ಯಾನು ಕಾಯುತ್ತಿತ್ತು.

*

ಆ ಭಾಷೆಯನ್ನು ಅಮ್ಮ ಶಾಲೆಯಲ್ಲಿ ಕಲಿತದ್ದಲ್ಲ. ಮದುವೆಗೆ ಮುಂಚೆ ಪರದೇಶದಲ್ಲೊಂದು ಮನೆಯ ಮಕ್ಕಳನ್ನು ನೋಡಿಕೊಂಡಿದ್ದಾಗ ನಾಲಿಗೆಗೆ ಹತ್ತಿದ್ದು. ಊರಿನ ಕಾರ್ಖಾನೆಗೆ ಆ ದೇಶದ ಯಂತ್ರಗಳು ಬಂದಾಗ, ಜೋಡಿಸಲು ಬಂದ ಎಂಜಿನಿಯರನ ಮಾತು ಕೆಲಸಗಾರರಿಗೆ ಮುಟ್ಟಿಸಲು ಅವಳನ್ನೇ ಕರೆದರು. ಅವನು ಮುಖ ಕೆಂಪಗೆ ಮಾಡಿಕೊಂಡು ಕಿರುಚಿದರೆ ಅವಳು, “ಇನ್ನೊಂದ್ಸಲ ಬಿಗಿ ಮಾಡಿ ನೋಡಿ ಅಂತಿದಾರೆ,” ಎನ್ನುವಳು. ಇವರು ಅವನ ವಂಶವನ್ನೇ ಜಾಲಾಡಿದರೆ ಅತ್ತ ತಿರುಗಿ, ಧನ್ಯವಾದ ಹೇಳುತ್ತಿದ್ದಾರೆ ಎಂದು ತಿಳಿಸುವಳು. ಆ ದೇಶದಲ್ಲೇ ತರಬೇತಿ ಮುಗಿಸಿ ಬಂದಿದ್ದ ಮ್ಯಾನೇಜರಿಗೆ ಎರಡೂ ಅರ್ಥವಾಗುತ್ತಿತ್ತು. ಅವರು ಗೋಡೆ ಕಡೆ ತಿರುಗಿ ನಗುತ್ತಿದ್ದರು. ಕೆಲಸಗಾರರು ಅವಳಿಗೆ ಗಿಳಿಯಮ್ಮ ಎಂದು ಹೆಸರಿಟ್ಟರು.

ಯಂತ್ರಗಳು ತಿರುಗತೊಡಗಿದವು, ಎಂಜಿನಿಯರು ಹೊರಟುಹೋದ. ಗಿಳಿಯಮ್ಮನನ್ನು ಪ್ಯಾಕಿಂಗಿಗೆ ಹಾಕಿದರು. ರಟ್ಟಿನ ಡಬ್ಬಗಳ ಜೊತೆ ಯಾವ ಭಾಷೆಯಲ್ಲಿ ಮಾತಾಡುವುದು? ಮನೆಯಲ್ಲಿ ಒಮ್ಮೊಮ್ಮೆ ಪಾತ್ರೆ ತೊಳೆಯುತ್ತಾ ತನ್ನಷ್ಟಕ್ಕೆ ಆಡಿಕೊಳ್ಳುತ್ತಿದ್ದಳು. “ಯಾರಿಗೆ ಭಾಷಣ?” ಎಂದು ಗಂಡ ರೇಗಿಸಿದ. ಮಗಳೂ ನಕ್ಕಳು. ಆಮೇಲೆ ಅದೂ ನಿಂತಿತು.

*

ಪ್ಯಾಕಿಂಗ್ ವಿಭಾಗ ಮುಚ್ಚುವ ಹೊತ್ತಿಗೆ ಆ ದೇಶದವರು ಮತ್ತೆ ಬಂದರು. ದುಭಾಷಿ ಬೇಕಾಗಿತ್ತು. “ನಿಮ್ಮನ್ನ ಬಿಟ್ರೆ ಇನ್ಯಾರಮ್ಮ?” ಎಂದು ಹೇಳಿಕಳಿಸಿದವರು ಮ್ಯಾನೇಜರೇ.

ಅವಳು ಒಳ್ಳೆಯ ಸೀರೆ ಉಟ್ಟು ಸಂದರ್ಶನಕ್ಕೆ ಹೋದಳು. ನಿಮ್ಮ ಬಗ್ಗೆ ಹೇಳಿ ಎಂದರು. ಮೊದಲ ವಾಕ್ಯ ಬಂತು. ಎರಡನೆಯದು ಗಂಟಲಲ್ಲೇ ನಿಂತಿತು. ಅರ್ಥವೆಲ್ಲ ಆಗುತ್ತಿತ್ತು, ಆದರೆ ಬಾಯಿಂದ ಹೊರಟದ್ದು ಹೌದು, ಹೌದು ಅಷ್ಟೇ. ಎದುರಿಗಿದ್ದ ಪರದೇಶದವನು ಪುಟ್ಟ ಮಗುವಿಗೆ ಹೇಳುವಂತೆ ಬಿಡಿಸಿ ಬಿಡಿಸಿ ಕೇಳತೊಡಗಿದ. ಅದನ್ನು ಮಾತ್ರ ಅವಳಿಗೆ ತಡೆದುಕೊಳ್ಳಲಾಗಲಿಲ್ಲ. ಎದ್ದು ಬಂದಳು. ಮ್ಯಾನೇಜರು ಮೇಜನ್ನೇ ನೋಡುತ್ತಾ ಕೂತಿದ್ದರು.

ಮನೆಯಲ್ಲಿ, ಕೆಲಸ ವಶೀಲಿಯವರಿಗೆ ಹೋಯಿತು ಎಂದಳು. ಆಮೇಲೆ ಲಾಂಡ್ರಿಯೊಂದರಲ್ಲಿ ಹಾಸಿಗೆ ಬಟ್ಟೆ ಮಡಚುತ್ತಲೇ ಅವಳ ತಲೆ ಹಣ್ಣಾಯಿತು.

*

ಮ್ಯಾನೇಜರು ಚಪ್ಪಲಿ ಬಿಟ್ಟು ಒಳಗೆ ಬಂದು, ಮಗಳ ಫೋನನ್ನು ಕಿವಿಗೆ ಒತ್ತಿಕೊಂಡು ಕೇಳಿದರು. ಇನ್ನೊಮ್ಮೆ ಹಾಕಿಸಿಕೊಂಡರು. ಕೂರಲು ಜಾಗ ಹುಡುಕಿದರು. ಚಿಕ್ಕಮ್ಮ ಕುರ್ಚಿ ಎಳೆದು ಕೊಟ್ಟರು.

“ನೀರು ಕೇಳಿದ್ಲಾ?” ಮಗಳು ಹತ್ತಿರ ಬಂದಳು.

“ಇಲ್ಲಮ್ಮ. ಸಂದರ್ಶನ ಕೊಡ್ತಿದಾರೆ. ಪ್ಯಾಕಿಂಗ್ ಮಾಡ್ತಿದ್ದದ್ದು, ಒಬ್ಬಳು ಮಗಳಿದಾಳೆ ಅನ್ನೋದು, ಎಲ್ಲಾ ಹೇಳಿದಾರೆ. ಅವತ್ತು ಒಂದು ವಾಕ್ಯದ ಮೇಲೆ ಬರಲಿಲ್ಲ ಇವರಿಗೆ. ಇಲ್ಲಿ ಒಂದು ತಪ್ಪಿಲ್ಲ.”

ಅಪ್ಪ ಬಾಗಿಲಿನಿಂದ ಒಳಗೆ ಬಂದರು. “ವಶೀಲಿ?”

ಮ್ಯಾನೇಜರು ಇಲ್ಲವೆಂದು ತಲೆಯಾಡಿಸಿದರು. ಅಪ್ಪ ಹೆಂಡತಿಯ ಮುಖವನ್ನೇ ನೋಡಿದರು. ಇಷ್ಟು ವರ್ಷ ಈ ಮನುಷ್ಯನಿಗೆ ಹಾಕಿದ ಶಾಪವೆಲ್ಲ ಅವರ ಬಾಯಲ್ಲಿ ಒಣಗಿತು.

“ಕೊನೇಲಿ ಏನೋ ಕೇಳ್ತಾಳಲ್ಲ?” ಎಂದಳು ಮಗಳು.

“ಕೆಲಸಕ್ಕೆ ನಾನು ಯಾವಾಗಿಂದ ಬರಲಿ ಅಂತ ಕೇಳ್ತಿದಾರೆ. ಮತ್ತೆ ಮತ್ತೆ ಅದನ್ನೇ.”

ಮಗಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಆಸ್ಪತ್ರೆಯಲ್ಲಿ ಅಮ್ಮ ಹಾಗೆ ಕೇಳಿದಾಗಲೆಲ್ಲ ಅವಳು ಹ್ಞೂಂ ಅಮ್ಮ, ಮಲಕ್ಕೋ ಎನ್ನುತ್ತಿದ್ದಳು. ಹೊರಗೆ ವ್ಯಾನಿನವನು ಹಿಂಬಾಗಿಲು ತೆರೆದ ಸದ್ದಾಯಿತು.

“ಹೇಳಿ ಸಾರ್,” ಎಂದರು ಅಪ್ಪ. “ಅವಳ ಭಾಷೇಲೇ ಹೇಳಿ. ನಾಳೆಯಿಂದ್ಲೇ ಬರ್ಲಿ ಅಂತ ಹೇಳಿಬಿಡಿ.”

ಮ್ಯಾನೇಜರು ಎದ್ದು ಗಿಳಿಯಮ್ಮನ ಕಿವಿಯ ಹತ್ತಿರ ಬಗ್ಗಿದರು. ಒಂದು ಪದ ಬಂತು. ಆಮೇಲೆ ಬರಲಿಲ್ಲ. ಕಣ್ಣು ಮುಚ್ಚಿ ಮೊದಲಿನಿಂದ ಶುರು ಮಾಡಿದರು. ಅದೇ ಒಂದು ಪದ. ಹೊರುವವರು ಒಳಗೆ ಬಂದು ನಿಂತರು. ಮುದುಕರು ಬಗ್ಗಿದಲ್ಲೇ, ಬಾಯಿ ತೆರೆದುಕೊಂಡು, ಎರಡನೆಯ ಪದಕ್ಕೆ ಕಾಯುತ್ತಿದ್ದರು.