ಹಂದರ ಬಿಚ್ಚಗೊಡದ ಗೌರಾಬಾಯಿ

"ಶಾಂತ ಹೇಳಾಕತ್ತೇನಿ, ಅಮೋಲ. ನೀವು ಓಟ ರದ್ದ ಮಾಡಿದ್ದು ಬರೋಬ್ಬರಿ ಐತಿ. ಓಟದ ಜೋಡಿ ಪಾಯಖಾನಿ ಯಾಕ ರದ್ದ ಮಾಡಿದ್ರಿ, ಅದನ್ನ ಹೇಳು."

ಅಂಕಲಿಯ ಪೇಟೆಯಲ್ಲಿ ತನ್ನ ಗೊಬ್ಬರದ ಅಂಗಡಿಯ ಗಲ್ಲೆಯ ಹಿಂದೆ ಕುಳಿತಿದ್ದ ಅಮೋಲ ಎದ್ದು ನಿಂತ. ಅವನ ಕಾಕು, ಅಂದರೆ ಚಿಕ್ಕಮ್ಮ ಗೌರಾಬಾಯಿ, 'ಶಾಂತ' ಎಂಬ ಪದವನ್ನು ಬಾಯಿಗೆ ತಂದಳೆಂದರೆ ಅದು ಪೂಜೆಯ ಕೊನೆಯಲ್ಲಿ ಹೇಳುವ ಶಾಂತಿಯಲ್ಲ, ಅಣೆಕಟ್ಟಿನ ಬಾಗಿಲೆತ್ತುವ ಮುನ್ನ ಊದುವ ಸೈರನ್ನು ಎಂಬುದು ಮನೆತನಕ್ಕೆಲ್ಲ ಗೊತ್ತು. ಲೋಕದ ಉಳಿದವರಿಗೆ ಸಿಟ್ಟು ಬಂದರೆ ಧ್ವನಿ ಏರುತ್ತದೆ. ಗೌರಾಬಾಯಿಯ ಧ್ವನಿ ಇಳಿಯುತ್ತದೆ, ಇಳಿಯುತ್ತ ಇಳಿಯುತ್ತ ಎಷ್ಟು ಕೆಳಗೆ ಹೋಗುತ್ತದೆಂದರೆ, ಬೈಸಿಕೊಳ್ಳುವವನು ತನಗೆ ಬಿದ್ದ ಬೈಗುಳ ಯಾವುದೆಂದು ಕೇಳಿಸಿಕೊಳ್ಳಲು ತಾನೇ ಮುಂದೆ ಬಾಗಿ, ಕಿವಿಗೊಟ್ಟು, ಸ್ವಂತ ಖರ್ಚಿನಲ್ಲಿ ಅವಮಾನ ಮಾಡಿಸಿಕೊಳ್ಳಬೇಕಾಗುತ್ತದೆ. ಅಮೋಲ ಆಗಲೇ ಅರ್ಧ ಬಾಗಿದ್ದ.

ಅವಳನ್ನು ದೂರದಿಂದಲೇ ಗುರುತಿಸಬಹುದು. ಇಳಕಲ್ಲ ಸೀರೆಯ ಮೇಲೆ ಬೂದುಬಣ್ಣದ ಗಂಡಸರ ಕೋಟು. ವೈಶಾಖದ ಬಿಸಿಲಿರಲಿ, ಆಷಾಢದ ಗಾಳಿಯಿರಲಿ, ಆ ಕೋಟು ಮೈಬಿಟ್ಟು ಇಳಿದದ್ದಿಲ್ಲ. ನಿಪ್ಪಾಣಿಯ ದರ್ಜಿಯೊಬ್ಬ ಅವಳ ಗಂಡ ಧರೆಪ್ಪನಿಗೆಂದು ಅದನ್ನು ಹೊಲಿದಿದ್ದ, ಒಂದು ತೋಳು ನಾಲ್ಕು ಬೆರಳು ಗಿಡ್ಡವಾಯಿತು, ಧರೆಪ್ಪ ಮುಟ್ಟಲೊಲ್ಲೆ ಎಂದ. ಇಷ್ಟು ಒಳ್ಳೆಯ ಅರಿವೆ ಹಾಳಾಗುವುದೆಂದರೇನು ಎಂದು ಅಂದೇ ತೊಟ್ಟವಳು ಇಂದಿಗೂ ತೊಟ್ಟೇ ಇದ್ದಾಳೆ. ನಡಿಗೆಯೂ ಆ ಕೋಟಿಗೆ ಒಪ್ಪುವಂಥದ್ದು: ಹಿಮ್ಮಡಿ ಮೊದಲು, ಬೆರಳು ಆಮೇಲೆ, ಕಬ್ಬಿನ ಬದುವಿನ ಮೇಲೆ ನಡೆದು ರೂಢಿಯಾದ, ಅತ್ತಿತ್ತ ನೋಡದ ನೇರ ನಡಿಗೆ. ಎದುರು ಬಂದವರು ತಾವಾಗಿಯೇ ಸರಿಯುತ್ತಾರೆ; ಎಮ್ಮೆಯೂ ಸರಿಯುತ್ತದೆ.

ಇನ್ನೆರಡು ಹಟಗಳಿವೆ. ಒಂದು, ಅವಳು ಫೋನಿನಲ್ಲಿ ಬೈಯುವುದಿಲ್ಲ. ಸಿಟ್ಟು ಬಂದರೆ ಫೋನಿಟ್ಟು, ತನ್ನ ಎಕ್ಸೆಲ್ ಗಾಡಿಯನ್ನು ಹತ್ತಿ, ಸಿಟ್ಟಿಗೆ ಕಾರಣನಾದವನ ಬಾಗಿಲಿಗೇ ಹೋಗುತ್ತಾಳೆ. ಎರಡು, ಹಸಿದವನನ್ನು ಬೈಯುವುದಿಲ್ಲ. ಒಮ್ಮೆ ಅಥಣಿ ಕಡೆಯ ತವರಿನ ದ್ರಾಕ್ಷಿ ತೋಟದಲ್ಲಿ ಪಂಪಿಗೆ ಕರೆಂಟು ಕೊಡುವ ಟಿಸಿ ಸುಟ್ಟು, ಕಾಯಿ ತುಂಬಿದ ಬಳ್ಳಿಗಳು ನೀರಿಲ್ಲದೆ ನಿಂತಾಗ, ಕರೆಂಟಿನ ಸಾಹೇಬನ ಬಳಿಗೆ ಬುತ್ತಿ ಕಟ್ಟಿಕೊಂಡು ಹೋಗಿದ್ದಳಂತೆ. ಸಾಹೇಬ ಎಷ್ಟು ಒಳ್ಳೆಯ ತಾಯಿ ಎಂದುಕೊಂಡು ರೊಟ್ಟಿ ಉಂಡ, ಮೊಸರು ಕುಡಿದ, ಕೈ ತೊಳೆದು ಬಂದು ಕುಳಿತ, ಆಮೇಲೆ ಶುರುವಾಯಿತು. ಮರುದಿನ ಹೊಸ ಟಿಸಿ ಬಂತು. ಆ ಸಾಹೇಬ ಈಗಲೂ ಯಾರಾದರೂ ಬುತ್ತಿ ಬಿಚ್ಚಿದರೆ ಬೆವರುತ್ತಾನೆ ಎಂದು ತವರಿನವರು ನಗುತ್ತಾರೆ. ಯಾಕೆ ಹೀಗೆ ಎಂದು ಕೇಳಿದವರಿಗೆ ಗೌರಾಬಾಯಿಯ ಉತ್ತರ ಒಂದೇ: "ಹಸದ ಮನಶ್ಯಾಗ ಬೈದ್ರ ಅದು ಮೈಗೆ ಹತ್ತಂಗಿಲ್ಲ."

ಹಾಗೆ ನೋಡಿದರೆ ಅಂಕಲಿಯ ಓಟ ಅವಳಿಗೆ ಯಾರಿಗಿಂತಲೂ ಹೆಚ್ಚು ಬೇಕಾದದ್ದು. ಆಗಸ್ಟ್ ಹದಿನೈದರ ಆಸುಪಾಸಿನ ರವಿವಾರ ನಡೆಯುವ ಆ ಓಟಕ್ಕೆ ಸಾಂಗಲಿ, ಕೊಲ್ಹಾಪುರ, ಬೆಳಗಾವಿಯಿಂದೆಲ್ಲ ಜನ ಬರುತ್ತಾರೆ. ಸೈನ್ಯದ ಭರತಿಗೆಂದು ವರ್ಷವಿಡೀ ನಸುಕಿನಲ್ಲಿ ಓಡುವ ರಾಯಬಾಗ, ಮುಗಳಖೋಡದ ಹುಡುಗರಿಗೆ ಅದೇ ದೊಡ್ಡ ಪರೀಕ್ಷೆ. ಓಟ ಶುರುವಾಗುವ ಬಯಲು ಗೌರಾಬಾಯಿಯ ಹೊಲ. ಬಾಡಿಗೆ ಕೇಳಿದವಳಲ್ಲ, ವೇದಿಕೆ ಹತ್ತಿದವಳಲ್ಲ. ಕೊನೆಯ ಹುಡುಗ ಓಡಿ ಬರುವ ತನಕ ರಸ್ತೆಯ ಬದಿಗೆ ನಿಂತು, ಕೊನೆಯವನಿಗೂ "ಓಡಲೇ, ಇನ್ನ ಸಣ್ಣಾಂವ ಅದಿ" ಎಂದು ಕೂಗಿ ಮನೆಗೆ ಹೋಗುವವಳು.

ಈ ವರ್ಷ ಕೊಯ್ನಾ ಅಣೆಕಟ್ಟಿನ ನೀರು ಬಿಟ್ಟರು, ಮಳೆಯೂ ಬಿಡಲಿಲ್ಲ, ಕೃಷ್ಣೆ ತನ್ನ ಪಾತ್ರವನ್ನು ಮರೆತು ಕಬ್ಬಿನೊಳಗೆ ನುಗ್ಗಿದಳು. ಕಾಗವಾಡದ ಕಡೆಗಿನ ರಸ್ತೆ ಮುಳುಗಿತು. ಹೊಳೆದಂಡೆಯ ಊರುಗಳು ಹಾಸಿಗೆ, ಹಂಡೆ, ಕೋಳಿ, ಕೂಸು ಎಲ್ಲವನ್ನೂ ಹೊತ್ತು ಮೇಲೆ ಬಂದವು. ಶಾಲೆಯಲ್ಲಿ ಕಾಳಜಿ ಕೇಂದ್ರ ತೆರೆದಿತ್ತು, ಆದರೆ ಅಲ್ಲಿ ಮನುಷ್ಯರಿಗಷ್ಟೇ ಜಾಗ, ಕುರಿಗಳಿಗಿಲ್ಲ. ಆದ್ದರಿಂದ ಕುರಿಯವರು ಎತ್ತರದ ಡಾಂಬರು ರಸ್ತೆಯ ಮೇಲೆಯೇ ತಾಡಪತ್ರಿ ಕಟ್ಟಿ, ಕುರಿಗಳನ್ನು ಕೂಡಿ, ಕುಳಿತುಬಿಟ್ಟರು. ಓಟದ ರಸ್ತೆಯೂ ಅದೇ.

ಓಟ ಬೇಡ ಎಂದು ಮೊದಲು ಹೇಳಿದವಳು ಗೌರಾಬಾಯಿ. ಓಟದ ಕಮಿಟಿ ಕೇಳಲಿಲ್ಲ. ಟೀ ಶರ್ಟು ಬಂದಿವೆ, ದೊಡ್ಡ ಪಾಹುಣರು ಅತಿಥಿಗಳಾಗಿ ಬರುತ್ತಾರೆ, ಎರಡು ತಾಸಿನ ಮಾತು, ಕುರಿಗಳನ್ನು ಬದಿಗೆ ಸರಿಸಿದರಾಯಿತು ಎಂದರು. ಬದಿ ಎಲ್ಲಿದೆ? ಎರಡೂ ಬದಿಗೆ ಆಳು ಮುಳುಗುವ ನೀರು. ಕೊನೆಗೆ ಯಾರೋ ಒಂದು ಫೋಟೋ ಹಾಕಿದರು: ಮೇಲೆ 'ಓಡೋಣ ಬನ್ನಿ' ಎಂಬ ಬ್ಯಾನರು, ಕೆಳಗೆ ಚಿಂದಿ ತಾಡಪತ್ರಿಯಲ್ಲಿ ತೊಯ್ಯುತ್ತಿರುವ ಮುದುಕಿ. ಫೋನುಗಳಲ್ಲಿ ಉಗಿತದ ಮಳೆ ಸುರಿಯಿತು, ಗುರುವಾರ ಸಂಜೆ ಅರ್ಧ ತಾಸಿನೊಳಗೆ ಕಮಿಟಿಗೆ ದುಃಖ ಉಕ್ಕಿ ಬಂತು. ಅಧ್ಯಕ್ಷ ಶಿವರಾಜನ ಸ್ಟೇಟಸ್ಸಿನಲ್ಲಿ ಕಮಿಟಿಯವರೆಲ್ಲರ ಭಾವಚಿತ್ರ, ಕೈಮುಗಿದ ಚಿಹ್ನೆ, 'ನೆರೆ ಸಂತ್ರಸ್ತರ ನೋವಿನಲ್ಲಿ ನಾವೂ ಭಾಗಿ, ಓಟ ರದ್ದು'. ಓಟದ ಜೊತೆಗೆ ಅದೇ ಉತ್ಸಾಹದಲ್ಲಿ ಹಂದರ ರದ್ದು, ನೀರಿನ ಟ್ಯಾಂಕರ್ ರದ್ದು, ಉಪ್ಪಿಟ್ಟಿನ ರವೆ ಅಂಗಡಿಗೆ ವಾಪಸು, ಓಟಗಾರರಿಗೆಂದು ತರಿಸಿದ್ದ ಸಂಚಾರಿ ಪಾಯಖಾನೆಗಳೂ ನಿಪ್ಪಾಣಿಗೆ ವಾಪಸು.

ಶುಕ್ರವಾರ ಮುಂಜಾನೆ ಗೌರಾಬಾಯಿ ಕಿಟ್ಟಲಿಯಲ್ಲಿ ಚಹಾ ತುಂಬಿಕೊಂಡು ರಸ್ತೆಗೆ ಹೋಗಿದ್ದಳು. ಕುರಿಗಾರ ಮಲಕಾರಿ ಕುಡಿದ, ಉಳಿದ ಗಂಡಸರೂ ಕುಡಿದರು. ಅವನ ಹೆಂಡತಿ ದುಂಡವ್ವ ಮಾತ್ರ ಒಲ್ಲೆ ಎಂದಳು. ನೀರಾದರೂ ಕುಡಿ ಎಂದರೆ ಅದನ್ನೂ ಒಲ್ಲೆ ಎಂದಳು. ಹಿಂದೆ ಸೊಸೆ ಭಾಗ್ಯಾ, ತೊಡೆಯ ಮೇಲೆ ಎರಡು ತಿಂಗಳ ಕೂಸು, ಒಣಗಿ ಬಿಳಿಚಿದ ತುಟಿ, ಅವಳೂ ಒಲ್ಲೆ ಎಂದಳು. ತನ್ನ ಕೈಯ ಚಹಾ ಬೇಡ ಎನ್ನುವವರ ಮೇಲೆ ಗೌರಾಬಾಯಿಗೆ ಸಿಟ್ಟು ಬರುವುದು ಸಹಜ, ಬಂತು ಕೂಡ. ಸಿಟ್ಟಾಗುತ್ತೇನೆ ನೋಡು ಎಂದು ಹೇಳಿಯೂಬಿಟ್ಟಳು. ದುಂಡವ್ವ ಗಂಡಸರ ಕಡೆಗೊಮ್ಮೆ ನೋಡಿ, ಸೆರಗನ್ನು ಬಾಯಿಗೆ ಹಿಡಿದು, ಮೆಲ್ಲಗೆ ಅಂದಳು:

"ಸಿಟ್ಟಾಗ್ರಿ ಅಕ್ಕಾರ. ಕುಡದ್ರ ಹೋಗಬೇಕಾಗತೈತಿ. ಕತ್ತಲಾಗಾಕ ಇನ್ನ ಬಾಳ ಹೊತ್ತ ಐತಿ."

ಗೌರಾಬಾಯಿ ಸುತ್ತ ನೋಡಿದಳು. ಮರೆಯಾಗಿ ಕೂರಲು ಇದ್ದ ಕಬ್ಬಿನ ಗದ್ದೆಗಳೆಲ್ಲ ಕೆಂಪು ನೀರಿನಲ್ಲಿ ಸುಳಿಯ ಮಟ ಮುಳುಗಿದ್ದವು. ಡಾಂಬರಿನ ಮೇಲೆ ಲಾರಿ, ಜೀಪು, ಫೋಟೋ ತೆಗೆಯಲು ಬಂದ ಮಂದಿ. ಕಣ್ಣು ಹಾಯುವಷ್ಟು ದೂರ ನೀರೇ ನೀರು, ಅದರ ನಡುವೆ ಈ ಹೆಣ್ಣುಮಕ್ಕಳು ಹಗಲೆಲ್ಲ ಗಂಟಲು ಒಣಗಿಸಿಕೊಂಡು ಕುಳಿತಿದ್ದರು, ಭಾಗ್ಯಾಳ ಎದೆಯ ಹಾಲೂ ಬತ್ತುತ್ತ ಬಂದು ಕೂಸು ಬರಿಯ ತೊಟ್ಟನ್ನು ಚೀಪಿ ಅಳುತ್ತಿತ್ತು. ಅದೇ ಗಳಿಗೆಗೆ ಅವಳ ಪಕ್ಕದಿಂದಲೇ ಒಂದು ಟ್ರ್ಯಾಕ್ಟರು ಹೋಯಿತು. ಹಿಂದಿನ ಟ್ರಾಲಿಯಲ್ಲಿ ಹೊಳೆಯುವ ನೀಲಿ ಪಾಯಖಾನೆಗಳು, ಹಗ್ಗದಿಂದ ಬಿಗಿದು, ನಿಪ್ಪಾಣಿಗೆ ವಾಪಸು ಒಯ್ಯಲು, ಲಾರಿ ನಿಂತಿದ್ದ ಬಯಲಿನ ಕಡೆಗೆ.

ಅಲ್ಲಿಂದ ಅವಳು ನೇರ ಗೊಬ್ಬರದ ಅಂಗಡಿಗೆ ಬಂದಿದ್ದಳು. ಕಮಿಟಿಯ ಕಾರ್ಯದರ್ಶಿ ಅಮೋಲ ಅವಳ ಭಾವನ ಮಗ, ಕೆಟ್ಟ ಹುಡುಗನಲ್ಲ. ಓಟವೇ ಇಲ್ಲವೆಂದ ಮೇಲೆ ಅವೆಲ್ಲ ಇಟ್ಟುಕೊಂಡು ಏನು ಮಾಡುವುದು, ಜನ ಮತ್ತೆ ಬೈಯುತ್ತಾರೆ, ತಹಶೀಲ್ದಾರರ ಪರವಾನಗಿ ಬೇಕು, ರಸ್ತೆಯವರ ವ್ಯವಸ್ಥೆ ಸರಕಾರದ್ದು ಎಂದು ತೊದಲಿದ. ಅವಳು ಉಂಡಿಯಾ ಎಂದು ಕೇಳಿದಳು. ಉಂಡೆ ಎಂದ ಪಾಪ, ನಿಜವನ್ನೇ ಹೇಳಿದ.

"ಎರಡ ತಾಸ ಓಡೂ ಮಂದಿಗೆ ಹೇಲಾಕ ಉಚ್ಚಾಕ ತ್ರಾಸ ಆಗಬಾರದಂತ ಅಷ್ಟ ದೂರದಿಂದ ತರಸಿದ್ರಿ. ಇಲ್ಲಿ ಹೆಣ್ಣಮಕ್ಕಳು ನೀರ ಕುಡಿಯೂದ ಬಿಟ್ಟಾರ, ಅವರ ಮುಂದಿಂದ ವಾಪಸ ಒಯ್ಯಾಕತ್ತೀರಿ. ನೋವಿನ್ಯಾಗ ಭಾಗಿ ಅಂತ ಬರದೀರಲ್ಲ, ಯಾವ ಭಾಗ ತಗೊಂಡ್ರೆಪಾ? ಫೋಟೋದ್ದಾ?"

ಇಷ್ಟನ್ನೂ ಅವಳು ಎಷ್ಟು ತಗ್ಗಿದ ಧ್ವನಿಯಲ್ಲಿ ಹೇಳಿದಳೆಂದರೆ, ಯೂರಿಯಾ ಒಯ್ಯಲು ಬಂದಿದ್ದವರು ಚೀಲ ಕೆಳಗಿಟ್ಟು ಹತ್ತಿರ ಬಂದು ನಿಂತರು. ಅಮೋಲನ ಕಿವಿ ಕೆಂಪಾದವು. ಅವನ ಮನೆಯಲ್ಲೂ ತಾಯಿ ಇದ್ದಳು, ಹೆಂಡತಿ ಮನೀಷಾ ಇದ್ದಳು. ನಾಲ್ಕು ಸಲ ಅದೇ ರಸ್ತೆಯಲ್ಲಿ ಹೋಗಿಬಂದ ತನಗೆ ಈ ಮಾತು ಯಾಕೆ ಹೊಳೆಯಲಿಲ್ಲ ಎಂದು ಅವನು ಕೇಳಿಕೊಂಡಿರಬೇಕು, ಅಂಗಡಿಯ ಕೀಲಿಯನ್ನು ಆಳಿನ ಕೈಗೆ ಕೊಟ್ಟು, ಎಕ್ಸೆಲ್ಲಿನ ಹಿಂದೆ ಕುಳಿತ.

ಬಯಲಿನಲ್ಲಿ ನಿಪ್ಪಾಣಿಯ ಹಂದರದ ಮಾಲಕ ಜಯಪಾಲ ಅರ್ಧ ಹಂದರ ಬಿಚ್ಚಿಸಿದ್ದ. ಕಂಬಗಳು ಲಾರಿಗೆ ಏರುತ್ತಿದ್ದವು. ಕೋಟು ಕಂಡೊಡನೆ ಅವನ ಆಳುಗಳ ಕೈ ನಿಧಾನವಾದವು. ಊಟ ಆಯಿತೇ ಎಂದು ಗೌರಾಬಾಯಿ ಕೇಳಿದಾಗ ಜಯಪಾಲ, ಅವಳ ಹಟವನ್ನು ಬಲ್ಲವನು, ಹಸಿದವನೆಂದರೆ ಬಚಾವಾದೇನು ಎಂಬ ಆಸೆಯಿಂದ ಇಲ್ಲ ಎಂದು ಸುಳ್ಳು ಹೇಳಿದ. ಅವಳು ಕೋಟಿನ ಕಿಸೆಯಿಂದ ಅರಿವೆಯಲ್ಲಿ ಸುತ್ತಿದ ರೊಟ್ಟಿ, ಶೇಂಗಾ ಚಟ್ನಿ ತೆಗೆದು ಅವನ ಕೈಗಿಟ್ಟು, ಅವನು ತಿಂದು ಮುಗಿಸುವ ತನಕ ಎದುರಿಗೇ ನಿಂತಳು. ಕೊನೆಯ ತುತ್ತು ಬಹಳ ಹೊತ್ತು ಅವನ ಬಾಯಲ್ಲೇ ಇತ್ತು.

"ಜಯಪಾಲ, ಹಾಕಿದ ಹಂದರ ಯಾರಿಗೂ ಉಣಸದ ಬಿಚ್ಚಾಕತ್ತೀಯಲ್ಲ. ನಾಳೆ ಈ ಕಂಬ ಯಾರ ಲಗ್ನಕ್ಕ ಹುಗೀತಿ?"

ಜಯಪಾಲನ ಮುಖ ಬಾಡಿತು. ಹಂದರ ನೆಟ್ಟ ಮೇಲೆ ಅದರಡಿ ನಾಲ್ಕು ಮಂದಿ ಉಂಡು ಏಳಬೇಕು, ಉಣ್ಣದೆ ಬಿಚ್ಚಿದ ಕಂಬ ಅಪಶಕುನ ಎಂಬ ಹಿರಿಯರ ಮಾತು ಅವನಿಗೆ ಗೊತ್ತಿಲ್ಲದ್ದಲ್ಲ. ದೀಪಾವಳಿ ಕಳೆದರೆ ಅವನ ಅನ್ನವೆಲ್ಲ ಮದುವೆಗಳಲ್ಲೇ. ಆದರೂ ಅವನು ಮೂರು ಪೇಟೆಯ ನೀರು ಕುಡಿದವನು.

"ಈಗ ನಾನ ಉಂಡೆನಲ್ಲರಿ ಮಾವಶಿ, ಹಂದರದಾಗ ನಿಂತು."

"ಲಗ್ನದಾಗ ಮದಿಮಗ ಒಬ್ಬನ ಉಂಡು ಎದ್ರ ಲಗ್ನ ಆತಂತಾರೇನೋ?"

ಆಳುಗಳು ನಕ್ಕರು. ಜಯಪಾಲನೂ ನಗಬೇಕಾಯಿತು. ನಗುವವನ ಕೈಯಿಂದ ಕೆಲಸ ಮಾಡಿಸುವುದು ಸುಲಭ. ಆದರೆ ಗೌರಾಬಾಯಿ ನಗಲಿಲ್ಲ. ದುಂಡವ್ವ ಹೇಳಿದ್ದನ್ನು ಅವಳು ಅವನಿಗೂ ಹೇಳಿದಳು, ಹೆಸರು ಹೇಳದೆ, ಒಂದೇ ವಾಕ್ಯದಲ್ಲಿ. ಜಯಪಾಲ ಲಾರಿಯ ಕಡೆ ತಿರುಗಿ ಇಳಿಸಿರೋ ಎಂದ.

ಅಧ್ಯಕ್ಷ ಶಿವರಾಜನಿಗೆ ಅಮೋಲನೇ ಫೋನು ಮಾಡಿದ. ಹೆಂಗಸರ ಕಷ್ಟವನ್ನು ಗಂಡಸಿನ ಬಾಯಲ್ಲಿ ಹೇಳುವಾಗ ಮೂರು ಸಲ ತಡವರಿಸಿದ, ಆದರೂ ಹೇಳಿದ. ಆಚೆಯಿಂದ ಬಂದ ಉತ್ತರ ಉದಾರವಾಗಿತ್ತು: ಅಗತ್ಯವಾಗಿ ಇಡಿ, ಆದರೆ ಕಮಿಟಿಯ ಬ್ಯಾನರು ಎದುರಿಗೆ ಕಟ್ಟಿ, ರವಿವಾರ ನಾವು ಬಂದು ಉದ್ಘಾಟನೆ ಮಾಡುತ್ತೇವೆ, ಅಲ್ಲಿಯ ತನಕ ಬಾಗಿಲು ತೆರೆಯಬೇಡಿ.

ಅಮೋಲ ಅದನ್ನು ಒಂದಕ್ಷರ ಬಿಡದೆ ಕಾಕುವಿಗೆ ಒಪ್ಪಿಸಿದ. ಆಗ ಮಾತ್ರ, ತಾನು ಹುಟ್ಟಿದಾಗಿನಿಂದ ಅವಳನ್ನು ನೋಡಿದವನಿಗೂ ಹೊಸದಾಗಿ, ಗೌರಾಬಾಯಿಯ ಧ್ವನಿ ಪೂರ್ತಿ ನಿಂತುಹೋಯಿತು. ಗಾಳಿಗೆ ಹಂದರದ ಅರಿವೆ ಪಟಪಟ ಬಡಿದುಕೊಳ್ಳುತ್ತಿತ್ತು. ಬಯಲಿನಲ್ಲಿ ಬಿದ್ದಿದ್ದ, ಕಮಿಟಿಯವರ ಭಾವಚಿತ್ರಗಳಿದ್ದ ಬ್ಯಾನರನ್ನು ಅವಳು ತಾನೇ ಸುರುಳಿ ಸುತ್ತಿ ಹೆಗಲ ಮೇಲಿಟ್ಟುಕೊಂಡಳು.

ರಸ್ತೆಯಲ್ಲಿ ಪಾಯಖಾನೆಗಳು ಸಾಲಾಗಿ ನಿಂತವು, ಹಂದರದ ಪಡದೆಯಿಂದ ಅವಕ್ಕೊಂದು ಮರೆಯಾಯಿತು, ಟ್ಯಾಂಕರ್ ಬಂತು, ಮರಳಿ ಬಂದ ರವೆಯಲ್ಲಿ ಉಪ್ಪಿಟ್ಟು ಬೆಂದಿತು. ಕುರಿಮರಿಗಳು ತೊಯ್ಯುತ್ತಿದ್ದ ಕಡೆ ಬ್ಯಾನರನ್ನು ಮಾಡಿನಂತೆ ಕಟ್ಟಿಸಿದಳು. ಭಾವಚಿತ್ರಗಳ ಮಗ್ಗಲನ್ನು ಕೆಳಗೆ ಮಾಡಿಸಿದಳು. ಯಾಕೆ ಹಾಗೆ ಎಂದು ಮಲಕಾರಿ ಕೇಳಿದ. "ದೊಡ್ಡ ಮಂದಿ ಅದಾರ, ಮಳಿ ಹತ್ತಬಾರದು" ಎಂದಳು. ಕಮಿಟಿಯವರೆಲ್ಲ ಕೈಮುಗಿದುಕೊಂಡು ಮರಿಗಳನ್ನು ನೋಡುತ್ತ ತೂಗಾಡಿದರು. ಉದ್ಘಾಟನೆಗೆ ಯಾರೂ ಕಾಯಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಭಾಗ್ಯಾ ಒಂದು ತಂಬಿಗೆ ನೀರು ಕುಡಿದಳು. ಕುಡಿದು, ಅತ್ತೆಯ ಮುಖ ನೋಡಿ, ಇನ್ನೊಂದು ಕುಡಿದಳು. ಗೌರಾಬಾಯಿ ಅದನ್ನು ನೋಡಿಯೂ ನೋಡದವಳಂತೆ ಟ್ಯಾಂಕರಿನ ನಲ್ಲಿ ಸೋರುತ್ತಿದೆಯೆಂದು ಡ್ರೈವರನನ್ನು ಬೈಯಲು ಹೋದಳು.

ಇಂಥವರು ನಮ್ಮ ಕಡೆ ಊರಿಗೊಬ್ಬರು ಇರುತ್ತಾರೆ, ಊರು ಅವರನ್ನು ಜಗಳಗಂಟಿ ಎನ್ನುತ್ತದೆ. ಸಂಕಟ ಬಂದಾಗ ಕೈಮುಗಿದು ನಿಲ್ಲುವುದು, ಇದ್ದದ್ದನ್ನೆಲ್ಲ ರದ್ದು ಮಾಡಿ ಮನೆಗೆ ಹೋಗುವುದು ಸಭ್ಯತೆಯೆಂದು ನಾವೆಲ್ಲ ಕಲಿತಿದ್ದೇವೆ. ಅದರಲ್ಲೊಂದು ಸುಖವಿದೆ, ಕರ್ತವ್ಯ ಮುಗಿದ ಸುಖ. ಜಗಳಗಂಟಿಗೆ ಆ ಸುಖ ಗೊತ್ತಿಲ್ಲ. ಅವಳು ದುಃಖಪಡುವ ಮೊದಲು ಯಾರು ಉಣ್ಣಲಿಲ್ಲ, ಯಾರು ಕುಡಿಯಲಿಲ್ಲ ಎಂದು ನೋಡುತ್ತಾಳೆ, ನೋಡಿದಷ್ಟೂ ಸಿಟ್ಟಾಗುತ್ತಾಳೆ, ಆ ಸಿಟ್ಟಿನ ನೆರಳಿನಲ್ಲಿ ಎಷ್ಟೋ ಮಂದಿಯ ಮಾನ ಉಳಿಯುತ್ತದೆ. ಅವಳಿಗೆ ಸಿಟ್ಟು ಬರುತ್ತದಲ್ಲ ಎಂದು ಊರು ಮರುಗುವುದಕ್ಕಿಂತ, ಉಳಿದವರಿಗೆ ಯಾಕೆ ಬರುವುದಿಲ್ಲ ಎಂದು ನಾಚಬೇಕು.

ಹೊರಡುವ ಹೊತ್ತಿಗೆ ಅವಳು ಎಕ್ಸೆಲ್ಲಿನ ಮೇಲೆ ಕುಳಿತೇ ದುಂಡವ್ವನನ್ನು ಹತ್ತಿರ ಕರೆದಳು.

"ಬರೂ ಶುಕ್ರವಾರ ಮತ್ತ ಬರ್ತೇನಿ. ನೀರ ಇಳದಿದ್ರ ನಿಮ್ಮ ಊರಿಗೆ, ಇಳೀಲಿಲ್ಲಂದ್ರ ಇಲ್ಲೇ. ಅಲ್ಲೀತನಕ ಯಾರರ ಬಂದು ಬಾಗಲಕ್ಕ ಕೀಲಿ ಹಾಕಿದ್ರ ಒಡೀರಿ. ಕೇಳಿದ್ರ ನನ್ನ ಹೆಸರ ಹೇಳ್ರಿ."