ಮುಖ ನೋಡಿ ಕೊಡುವ ಶಾಖ

ಶಾಖ ಕೊಡುವಾಗ ದ್ಯಾವಯ್ಯ ಉಪ್ಪಿನ ಗಂಟನ್ನು ನೋಡುತ್ತಿರಲಿಲ್ಲ, ಮುಖವನ್ನು ನೋಡುತ್ತಿದ್ದ. ಗುದ್ದಲಿ ಹಿಡಿದೂ ಹಿಡಿದೂ ಅವನ ಅಂಗೈ ಎಮ್ಮೆ ಚರ್ಮದ ಹಾಗಾಗಿ ಎಷ್ಟೋ ವರ್ಷವಾಗಿತ್ತು. ಹುರಿದ ಕಲ್ಲುಪ್ಪು ಎಷ್ಟು ಬಿಸಿ ಇದೆ ಅನ್ನುವುದು ಆ ಕೈಗೆ ತಿಳಿಯುತ್ತಿರಲಿಲ್ಲ. ಅದಕ್ಕೇ ಗಂಟನ್ನು ನೋವಿದ್ದ ಕಡೆ ಒತ್ತಿ, ಮಲಗಿದವರ ಹುಬ್ಬಿನ ಮೇಲೆ ಕಣ್ಣಿಟ್ಟು ಕೂರುತ್ತಿದ್ದ. ಹುಬ್ಬು ಸಣ್ಣಗೆ ಅಲುಗಿತೋ, ಗಂಟು ಮೇಲೆ. ಬೇಲೂರಿನ ಅವನ ಮನೆಗೆ ಉಳುಕು, ಪೆಟ್ಟು ಅಂತ ಜಾವಗಲ್ಲಿನಿಂದಲೂ ಬಿಕ್ಕೋಡಿನ ತೋಟಗಳಿಂದಲೂ ಜನ ಬರುತ್ತಿದ್ದರು. ಹಾಗೆ ಬಂದವರಲ್ಲಿ ಒಬ್ಬರ ಮೈ ಮೇಲೂ ಒಂದು ಬೊಬ್ಬೆ ಎದ್ದಿರಲಿಲ್ಲ.

ಅವತ್ತು ಮಧ್ಯಾಹ್ನ ಅವನ ಮುಂದೆ ಮಲಗಿದ್ದವನು ಸ್ವಂತ ಮೊಮ್ಮಗ ರವಿಕುಮಾರ.

ರವಿಗೆ ಅರಸೀಕೆರೆಯಲ್ಲಿ ಗುಮಾಸ್ತನ ಕೆಲಸ. ಅವನ ಅಪ್ಪ ದೇವರಾಜ, ಅವ್ವ ಲತಾಮಣಿ ಇಬ್ಬರೂ ನಾಗಪುರದ ದೀಕ್ಷಾಭೂಮಿ ನೋಡಿ ಬರಲು ರೈಲು ಹತ್ತಿದ್ದರು. ಅವರು ಅತ್ತ ಹೋದ ವಾರದಲ್ಲೇ ಇವನು ಇತ್ತ ಮನೆಗೆ ಬಂದಿದ್ದ. ಬಂದವನು ಚೀಲವನ್ನು ಹೆಗಲಿಗೆ ಹಾಕಿರಲಿಲ್ಲ, ಮಗುವನ್ನು ಎತ್ತಿಕೊಂಡ ಹಾಗೆ ಮೊಣಕೈ ಮಡಿಸಿ ಹಿಡಿದಿದ್ದ.

"ಬೈಕಿಂದ ಬಿದ್ದೆ ತಾತ. ಎದೆಗೆ ಪೆಟ್ಟಾಗೈತೆ. ಡಾಕ್ಟ್ರು ಪಟ್ಟಿ ಕಟ್ಟವ್ರೆ. ನೀನು ಮುಟ್ಟಕ್ಕೆ ಬರಬ್ಯಾಡ" ಎಂದಿದ್ದ.

ಊರಿನವರೆಲ್ಲ ಮುಟ್ಟು ಮುಟ್ಟು ಅಂತ ಬರುವಾಗ ಮನೆಯ ಹುಡುಗ ಮುಟ್ಟಬೇಡ ಅಂದದ್ದು ದ್ಯಾವಯ್ಯನಿಗೆ ಚುಚ್ಚಿತು. ಆದರೂ ಸುಮ್ಮನಿದ್ದ. ಸುಮ್ಮನಿರುವುದು ಅವನಿಗೆ ಅಭ್ಯಾಸ. ಹುಡುಗ ಅಟ್ಟದ ಮೇಲಿನ ಡಬ್ಬಿಗೆ ಕೈ ಎತ್ತಲಾರದೆ ಹಿಂದೆ ಸರಿದದ್ದನ್ನು, ದಿಂಬು ಒಟ್ಟಿಕೊಂಡು ಒರಗಿಯೇ ನಿದ್ದೆ ಮಾಡುವುದನ್ನು, ಕೆಮ್ಮು ಬಂದರೆ ಎರಡೂ ಕೈಯಲ್ಲಿ ಎದೆ ಅಪ್ಪಿಕೊಳ್ಳುವುದನ್ನು ನೋಡುತ್ತಲೇ ಇದ್ದ.

ಹೆಂಡತಿ ಚಲುವಮ್ಮ ಸುಮ್ಮನಿರುವವಳಲ್ಲ.

"ಊರೋರ ಸೊಂಟ ನೀವಕ್ಕೆ ಆಯ್ತದೆ, ನಿನ್ ಮೊಮ್ಮಗ ನಳ್ಳಾಡ್ತಾ ಬಿದ್ದವ್ನೆ, ನೀನು ಬೀಡಿ ಎಳ್ಕಂಡು ಕುಂತಿದ್ದೀಯ."

"ಮುಟ್ಟಬ್ಯಾಡ ಅಂದವ್ನೆ ಕಣೇ."

"ಇಂಜೆಕ್ಷನ್ ಬ್ಯಾಡ ಅಂತಾನೂ ಅಂತಿದ್ದ ಚಿಕ್ಕೋನಿದ್ದಾಗ. ಕೇಳಿದ್ವಾ?"

ಮಧ್ಯಾಹ್ನ ಊಟವಾದ ಮೇಲೆ ರವಿ ಗುಳಿಗೆ ನುಂಗಿ ಮಂಪರಿನಲ್ಲಿ ಬಿದ್ದಿದ್ದ. ಚಲುವಮ್ಮ ಬಾಣಲೆಯಲ್ಲಿ ಕಲ್ಲುಪ್ಪು ಚಟಪಟ ಅನ್ನುವವರೆಗೆ ಹುರಿದು ಹಳೇ ಪಂಚೆಯ ತುಂಡಿನಲ್ಲಿ ಕಟ್ಟಿ ಕೊಟ್ಟಳು. ದ್ಯಾವಯ್ಯ ಅಂಗಿಯ ಗುಂಡಿ ಬಿಚ್ಚಿದ. ಒಳಗೆ ಮೈಗೆ ಕಚ್ಚಿಕೊಂಡ, ದಪ್ಪ ಬಟ್ಟೆಯ, ಮುಂದೆ ಜಿಪ್ ಇದ್ದ ಬನೀನು. ಇದ್ಯಾವ ಸೀಮೆ ಪಟ್ಟಿ ಅಂದುಕೊಳ್ಳುತ್ತ ಜಿಪ್ಪನ್ನು ಅರ್ಧ ಇಳಿಸಿದ. ಎಡ ಎದೆಯ ಮೇಲೆ ಚರ್ಮ ಹಳದಿ ನೀಲಿ ಕಲೆಸಿದ ಹಾಗೆ ಕಂದಿತ್ತು. ತೊಟ್ಟಿನ ಕೆಳಗೆ ಒಂದು ಸಣ್ಣ ಪಟ್ಟಿ ಅಂಟಿಸಿದ್ದರು. ಬಿದ್ದ ಏಟು ದಿಟವೇ, ರಸ್ತೆಗೆ ಉಜ್ಜಿಕೊಂಡಿದ್ದಾನೆ, ರಕ್ತ ಹೆಪ್ಪುಗಟ್ಟಿದೆ, ಶಾಖಕ್ಕೆ ಕರಗುತ್ತದೆ ಎಂದು ಗಂಟನ್ನು ಅಲ್ಲಿಟ್ಟು ಒತ್ತಿ ಮುಖ ನೋಡುತ್ತ ಕುಳಿತ.

ಹುಬ್ಬು ಅಲುಗಲಿಲ್ಲ.

ಇನ್ನೂ ಸ್ವಲ್ಪ ಒತ್ತಿದ. ತುಟಿ ಬಿಗಿಯಲಿಲ್ಲ. ಹುಡುಗ ಹಾಲು ಕುಡಿದ ಕೂಸಿನಂತೆ ಉಸಿರಾಡುತ್ತಿದ್ದ. ತಡೆಯುವ ಹುಡುಗ, ನನ್ನ ರಕ್ತ ಅಲ್ಲವೇ ಎಂದು ದ್ಯಾವಯ್ಯ ಒಳಗೊಳಗೇ ಹಿಗ್ಗಿದ. ಅಷ್ಟರಲ್ಲಿ, ಬಿಸಿಯೇ ತಿಳಿಯದ ಅವನ ಅಂಗೈ ಚುರುಗುಟ್ಟಿತು. ಗಾಬರಿಯಿಂದ ಗಂಟು ಎತ್ತಿದ.

ಚರ್ಮ ಕೆಂಡದಂತೆ ಕೆಂಪಾಗಿತ್ತು. ಅವನು ನೋಡುತ್ತಿರುವಾಗಲೇ ತೊಟ್ಟಿನ ಪಕ್ಕದಲ್ಲಿ ನೀರು ತುಂಬಿದ ಬೊಬ್ಬೆಯೊಂದು ಮೆಲ್ಲಗೆ ಎದ್ದಿತು. ಮುಖದಲ್ಲಿ ಮಾತ್ರ ಏನೂ ಇಲ್ಲ. ದ್ಯಾವಯ್ಯ ಉಗುರಿನ ತುದಿಯಿಂದ ಆ ಕೆಂಪಿನ ಅಂಚನ್ನು ಚುಚ್ಚಿದ. ಇನ್ನೊಂದು ಕಡೆ ಚುಚ್ಚಿದ. ಕಟ್ಟಿಗೆಗೆ ಚುಚ್ಚಿದ ಹಾಗೆ.

ಕೈಯಿಂದ ಗಂಟು ಜಾರಿ ಬಿತ್ತು.

ಬೆಂಕಿ ತಾಗಿದರೂ ಗೊತ್ತಾಗದ ಚರ್ಮವನ್ನು ದ್ಯಾವಯ್ಯ ಇದಕ್ಕೆ ಮುಂಚೆ ಒಂದೇ ಸಲ ನೋಡಿದ್ದ. ಅವನಪ್ಪನ ಅಣ್ಣ ಗಿಡ್ಡಯ್ಯ ಒಂದು ಚಳಿಗಾಲ ಒಲೆ ಮುಂದೆ ಕೂತು ಮಾತಾಡುತ್ತ ಮಾತಾಡುತ್ತ ಕೆಂಡದ ಮೇಲೆ ಕಾಲಿಟ್ಟಿದ್ದ. ಮಾತು ನಿಲ್ಲಲಿಲ್ಲ. ಮೊದಲು ವಾಸನೆ ಬಂತು, ಆಮೇಲೆ ಅಜ್ಜಿ ಕಿರುಚಿದಳು. ಕುಷ್ಠ ಅಂದರು. ಕೆರೆ ಏರಿಯ ಆಚೆ ಸೋಗೆಯ ಗುಡಿಸಲು ಹಾಕಿಕೊಟ್ಟರು. ದ್ಯಾವಯ್ಯನ ಅವ್ವ ಮುದ್ದೆಯನ್ನು ಒಂದು ಕಲ್ಲಿನ ಮೇಲಿಟ್ಟು ದೂರ ಸರಿದು ಕೂಗುತ್ತಿದ್ದಳು. ಮೊದಲೇ ಊರಾಚೆ ಇಟ್ಟ ಕೇರಿ ಅದು. ಆ ಕೇರಿಯಿಂದಲೂ ಆಚೆ ಹಾಕಿಸಿಕೊಂಡವನು ಗಿಡ್ಡಯ್ಯ. ಮಳೆಗಾಲದ ಒಂದು ಬೆಳಗ್ಗೆ ಮುದ್ದೆ ಕಲ್ಲಿನ ಮೇಲೆಯೇ ಉಳಿದಿತ್ತು.

ದ್ಯಾವಯ್ಯ ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದ. ಚಲುವಮ್ಮ ಬಂದಳು.

"ಏನಾಯ್ತು? ಮೊಖ ಹಂಗ್ಯಾಕೆ ಬಿಳಿಚ್ಕಂಡೈತೆ?"

"ಗಿಡ್ಡಯ್ಯ ದೊಡ್ಡಪ್ಪನ ಕಾಯ್ಲೆ ಕಣೇ."

"ಬಾಯ್ಮೇಲೆ ಬರೆ ಹಾಕ್ತೀನಿ ನೋಡು! ಆಸ್ಪತ್ರೆ ಕಡೆಯ ಆಶಾ ಸಣ್ಣತಾಯಮ್ಮ ವರ್ಸಾ ವರ್ಸಾ ಬಂದು ಎಲ್ರ ಮೈ ನೋಡ್ಕಂಡು ಹೋಗಲ್ವಾ? ಈಗ ಅದುಕ್ಕೆ ಗುಳಿಗೆ ಐತೆ, ವಾಸಿ ಆಯ್ತದೆ ಅಂತ ಅವಳೇ ಹೇಳ್ಳಿಲ್ವಾ?"

"ನಂದು ನೋಡುದ್ಲು, ನಿಂದು ನೋಡುದ್ಲು. ಇವನು ಅಂಗಿ ಬಿಚ್ಚಿದ್ನಾ?"

ಚಲುವಮ್ಮ ಸೆರಗಿಗೆ ಕೈ ಒರೆಸುತ್ತ ಅವನ ಪಕ್ಕದಲ್ಲಿ ಕುಳಿತಳು.

ಇಬ್ಬರಿಗೂ ಒಂದೊಂದಾಗಿ ನೆನಪಾಗತೊಡಗಿತು. ಹೈಸ್ಕೂಲಿಗೆ ಸೇರಿದ ಮೇಲೆ ರವಿ ಬರೀ ಮೈಯಲ್ಲಿ ಇದ್ದದ್ದನ್ನು ಮನೆಯಲ್ಲಿ ಯಾರೂ ಕಂಡಿರಲಿಲ್ಲ. ಯಗಚಿ ಹೊಳೆಯಲ್ಲಿ ಓರಗೆಯ ಹುಡುಗರು ಧುಮುಕುವಾಗ ಇವನು ದಡದಲ್ಲಿ ಅವರ ಬಟ್ಟೆ ಕಾಯುತ್ತಿದ್ದ. ಏಪ್ರಿಲ್ ತಿಂಗಳ ಸೆಖೆಯಲ್ಲೂ ಬನೀನು, ಅದರ ಮೇಲೆ ಅಂಗಿ. ಆ ಅಂಗಿ ದ್ಯಾವಯ್ಯನ ಹೆಮ್ಮೆಯಾಗಿತ್ತು. ಅವನ ಕಾಲದಲ್ಲಿ ಗೌಡರ ಬೀದಿಯಲ್ಲಿ ಹೋಗುವಾಗ ಹೆಗಲ ಮೇಲಿನ ಟವಲ್ಲನ್ನು ತೆಗೆದು ಕಂಕುಳಲ್ಲಿ ಅಮುಕಿಕೊಳ್ಳಬೇಕಿತ್ತು. ಅಂಗಿ ತೊಡುವ ಮಾತೇ ಇರಲಿಲ್ಲ. ಹಳೇಬೀಡಿನ ಸಂತೆಯಲ್ಲಿ ಮೊದಲ ಅಂಗಿ ಕೊಂಡ ದಿನ ಅವನು ಅದನ್ನು ತೊಟ್ಟುಕೊಂಡೇ ಮಲಗಿದ್ದ. ಯಾರ ಮುಂದೆಯೂ ಅಂಗಿ ಬಿಚ್ಚಬೇಡಿ ಎಂದು ಮಕ್ಕಳಿಗೆ, ಮೊಮ್ಮಕ್ಕಳಿಗೆ ಹೇಳುತ್ತಲೇ ಬಂದಿದ್ದ. "ನನ್ ಮಾತು ನಡ್ಸಿದೋನು ಅಂದ್ರೆ ನಮ್ ರವೀನೇ" ಎಂದು ಉಳುಕು ತೆಗೆಸಿಕೊಳ್ಳಲು ಬಂದವರ ಮುಂದೆಲ್ಲ ಹೇಳಿಕೊಂಡಿದ್ದ.

ಹಾಗಾದರೆ ಅವನು ಅಂಗಿ ಬಿಚ್ಚದಿದ್ದದ್ದು ತನ್ನ ಮಾತಿಗಾಗಿ ಅಲ್ಲವೇ? ಅಷ್ಟು ವರ್ಷದಿಂದ ಹುಡುಗ ರೋಗ ಮುಚ್ಚಿಕೊಂಡು ತಿರುಗುತ್ತಿದ್ದನೇ?

ಒಳಗಿನಿಂದ ಕೂಗು ಬಂತು. "ಅಜ್ಜೀ! ಏನಿದು?"

ಇಬ್ಬರೂ ಓಡಿದರು. ರವಿ ಮಂಚದ ಮೇಲೆ ಎದ್ದು ಕುಳಿತು ತೆರೆದ ಎದೆಯನ್ನು ನೋಡಿಕೊಳ್ಳುತ್ತಿದ್ದ. ಅಜ್ಜಿ ತಾತನನ್ನು ಕಂಡವನೇ ಅಂಗಿಯ ಎರಡೂ ಅಂಚು ಎಳೆದು ಮುಚ್ಚಿಕೊಂಡ. ನೆಲದ ಮೇಲೆ ಬಿಚ್ಚಿಹೋದ ಗಂಟಿನಿಂದ ಉಪ್ಪು ಚೆಲ್ಲಿತ್ತು.

"ತಾತ... ಸುಟ್ಟುಬಿಟ್ಯಾ?"

"ಮಗಾ, ಮುಚ್ಕಬ್ಯಾಡ" ಎಂದ ದ್ಯಾವಯ್ಯ. "ನಂಗೆ ಗೊತ್ತಾಯ್ತು. ಕುಷ್ಠ ಆದ್ರೂ ನೀನು ನನ್ ಮೊಮ್ಮಗನೇ. ಕೆರೆ ಆಚೆಗೆ ಹಾಕಾ ಕಾಲ ಹೋಯ್ತು. ಹಾಕ್ತೀನಿ ಅಂದೋನು ಮೊದ್ಲು ನನ್ನ ದಾಟ್ಬೇಕು."

ರವಿ ತಾತನನ್ನೇ ನೋಡಿದ. ನಗಬೇಕೋ ಅಳಬೇಕೋ ತಿಳಿಯದ ಮುಖ.

"ಕುಷ್ಠ ಅಲ್ಲ ತಾತ. ಆಪರೇಷನ್ ಆಗೈತೆ. ಬೈಕಿಂದ ಬಿದ್ದಿಲ್ಲ ನಾನು."

"ಹಾರ್ಟಾ?" ಚಲುವಮ್ಮ ಗೋಡೆ ಹಿಡಿದುಕೊಂಡಳು.

"ಅದೂ ಅಲ್ಲ ಅಜ್ಜಿ." ಅವನು ನೆಲದ ಉಪ್ಪನ್ನು ನೋಡುತ್ತ ಹೇಳಿದ. "ನಂಗೆ ಹೆಂಗಸ್ರಿಗೆ ಇದ್ದಂಗೆ ಎದೆ ಇತ್ತು. ವಯಸ್ಸಿಗೆ ಬರೋವಾಗ ಸುಮಾರು ಹುಡುಗ್ರಿಗೆ ಊದ್ಕೊಳ್ಳತ್ತಂತೆ, ಆಮೇಲೆ ತಾನಾಗೇ ಇಳಿಯತ್ತಂತೆ. ನಂದು ಇಳೀಲಿಲ್ಲ. ಸ್ಕೂಲಲ್ಲಿ ರವಿಕಲಾ ಅಂತ ಕರೀತಿದ್ರು. ಹಿಂದಿಂದ ಬಂದು ಹಿಸುಕಿ ಓಡೋಗೋರು. ಯಾರಿಗೆ ಹೇಳ್ಲಿ? ಹಾಸನದಲ್ಲಿ ಆಪರೇಷನ್ ಮಾಡಿಸ್ಕೊಂಡೆ. ಒಳಗಿನ ಗಡ್ಡೆ ತೆಗ್ದವ್ರೆ. ಅದಕ್ಕೇ ಅಲ್ಲಿ ಮರಗಟ್ಟೈತೆ, ಬಿಸಿ ತಣ್ಣಗೆ ಯಾವ್ದೂ ತಿಳಿಯಲ್ಲ. ಶಾಖ ಅಂತೂ ಕೊಡಲೇಬೇಡಿ ಅಂದಿದ್ರು."

"ಪೊಲೀಸ್ ಕೆಲ್ಸದ ಎದೆ ಅಳತೆಗೆ ಬಸ್ ತಪ್ತು ಅಂದಿದ್ದೆ..." ಎಂದಳು ಚಲುವಮ್ಮ.

"ಬಸ್ ಸಿಕ್ಕಿತ್ತು ಅಜ್ಜಿ. ಮೈದಾನದ ಗೇಟ್ ತನಕ ಹೋಗಿದ್ದೆ. ಒಳಗೆ ಎಲ್ರೂ ಬರೀ ಮೈಯಲ್ಲಿ ಸಾಲು ನಿಂತಿದ್ರು. ವಾಪಸ್ ಬಂದೆ."

ದ್ಯಾವಯ್ಯ ನೆಲದ ಮೇಲೆ ಕೂತು ಚೆಲ್ಲಿದ ಉಪ್ಪನ್ನು ಬಳಿದು ಗಂಟಿಗೆ ತುಂಬಿದ. ಕುಷ್ಠ ಅಂದಾಗ ಗುಡಿಸಲು, ಕಲ್ಲು, ಮುದ್ದೆ ಎಲ್ಲ ಕಣ್ಣಿಗೆ ಕಟ್ಟಿದ್ದವು. ಆ ಹೆದರಿಕೆಗೆ ಒಂದು ಆಕಾರವಿತ್ತು. ಇದಕ್ಕೆ ಯಾವ ಆಕಾರವೂ ಇರಲಿಲ್ಲ. ಒಂದೇ ಸೂರಿನ ಕೆಳಗೆ, ತನ್ನ ಪಕ್ಕದಲ್ಲಿ ಉಣ್ಣುತ್ತ ಮಲಗುತ್ತ ಬೆಳೆದ ಹುಡುಗ. ಮುಖ ನೋಡಿ ನೋವು ಹೇಳುವವನು ಅಂತ ಹೆಸರಾದ ತಾನು ಇಷ್ಟು ವರ್ಷ ನೋಡಿದ್ದು ಅವನ ಅಂಗಿಯನ್ನು ಮಾತ್ರ.

ಕಡೆಗೆ ಎದ್ದು ಚಪ್ಪಲಿ ಮೆಟ್ಟಿದ. "ನಡಿ. ಆಪರೇಷನ್ ಮಾಡಿದೋರ ತಾವೇ ಹೋಗಾನ."

"ಬೇಡ ತಾತ. ಅಪ್ಪಂಗೆ ಗೊತ್ತಾಗತ್ತೆ."

"ನಿಮ್ಮಪ್ಪಂಗೆ ಗೊತ್ತಾದ್ರೆ ನಾಚ್ಕೆ ಆಯ್ತದೆ, ಅಷ್ಟೇಯ. ಇದು ಕೆಟ್ರೆ ಕೆಟ್ಟೋಯ್ತದೆ. ನಡಿಯಲಾ."

ಹಾಸನದ ಬಸ್ಸು ತುಂಬಿತ್ತು. ಕಂಡಕ್ಟರು ಹೇಗೋ ಒಂದು ಸೀಟು ಕೊಡಿಸಿದ. ರವಿಯನ್ನು ಕೂರಿಸಿ ದ್ಯಾವಯ್ಯ ಅವನ ಮುಂದೆ ಸೀಟಿನ ಕಂಬಿ ಹಿಡಿದು, ಯಾರ ಮೊಣಕೈಯೂ ಚೀಲವೂ ಆ ಎದೆಗೆ ತಗುಲದಂತೆ ಬೆನ್ನು ಕೊಟ್ಟು ನಿಂತ. "ಯಜಮಾನ್ರೇ, ಆ ಹುಡ್ಗನ್ನ ಎಬ್ಬಿಸಿ ನೀವ್ ಕೂರ್ಬಾರ್ದಾ?" ಎಂದಳು ಒಬ್ಬ ಹೆಂಗಸು. "ನನ್ ಕಾಲು ಗಟ್ಟಿ ಅವೆ ಕಣವ್ವ" ಎಂದ.

ಆಪರೇಷನ್ ಮಾಡಿದ್ದ ಡಾಕ್ಟರಮ್ಮ ಬೊಬ್ಬೆಯನ್ನು ನೋಡಿದವರೇ ಕುರ್ಚಿಯಿಂದ ಎದ್ದರು. "ಯಾರ್ರೀ ಇದನ್ನ ಮಾಡಿದ್ದು?"

"ನಾನೇ ಮೇಡಂ. ಬಿಸಿನೀರಿನ ಚೀಲ ಇಟ್ಕೊಂಡೆ" ಎಂದ ರವಿ.

"ಸುಳ್ಳು ಕಣವ್ವ" ಎಂದ ದ್ಯಾವಯ್ಯ. "ಉಪ್ಪಿನ ಶಾಖ. ನಾನು ಸುಟ್ಟಿದ್ದು. ಮೊಖ ನೋಡ್ತಾನೇ ಇದ್ದೆ. ಮೊಖ ಏನೂ ಹೇಳ್ಳಿಲ್ಲ."

ಡಾಕ್ಟರಮ್ಮ ಬೈಯಲು ಹೊರಟವರು ಮುದುಕನ ಕಣ್ಣು ಕಂಡು ತಡೆದರು. "ತಾತ, ಈ ತೊಟ್ಟಿಗೆ ಈಗ ರಕ್ತ ಹೋಗೋ ದಾರಿ ಮೊದಲೇ ಸಣ್ಣದು. ಅದರ ಮೇಲೆ ಸುಟ್ಟಿದೆ. ಕಪ್ಪಾದ್ರೆ ಅಷ್ಟು ಚರ್ಮ ತೆಗೀಬೇಕಾಗುತ್ತೆ. ಕಾದು ನೋಡಬೇಕು."

"ಮರಗಟ್ಟಿರಾದು?"

"ಅದು ಸಾಮಾನ್ಯವಾಗಿ ಬಿಡುತ್ತೆ, ತಿಂಗಳುಗಟ್ಟಲೆ ಹಿಡಿಯುತ್ತೆ. ಸುಟ್ಟ ಕಡೆ ಹೆಂಗೋ ಏನೋ, ಈಗಲೇ ಹೇಳಕ್ಕಾಗಲ್ಲ."

ಮದ್ದು ಹಚ್ಚಿ ಇನ್ನೊಂದು ಕಡೆಯನ್ನೂ ನೋಡಲು ಅಂಗಿ ಪೂರ್ತಿ ತೆಗೆಯಬೇಕಿತ್ತು. ದ್ಯಾವಯ್ಯ ಪರದೆಯ ಆಚೆ ಹೋಗಲು ತಿರುಗಿದ.

"ಇರು ತಾತ" ಎಂದ ರವಿ. ಕೈ ಎತ್ತಲಾರದೆ ಅಂಗಿಯ ತೋಳಿನಲ್ಲಿ ಸಿಕ್ಕಿಕೊಂಡಿದ್ದ. ದ್ಯಾವಯ್ಯನೇ ತೋಳನ್ನು ಮೆಲ್ಲಗೆ ಜಗ್ಗಿ ಅಂಗಿ ಬಿಚ್ಚಿಸಿದ. ಯಾರ ಮುಂದೆಯೂ ಬಿಚ್ಚಬೇಡ ಅಂದ ಕೈಗಳು ಅವು. ಅಂಗಿ ಕೈಗೆ ಬಂದಾಗ ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಎದೆಗವಚಿಕೊಂಡು ನಿಂತ.

ತೊಟ್ಟು ಕಪ್ಪಾಗಲಿಲ್ಲ. ಒಂದು ಕಡೆ ಚರ್ಮ ಸುಲಿದು, ಹಸಿಯಾಗಿದ್ದು, ಆಮೇಲೆ ತಿಳಿಗೆಂಪು ಬಣ್ಣಕ್ಕೆ ತಿರುಗಿತು. ನಾಗಪುರದಿಂದ ಬಂದ ದೇವರಾಜ ಹಿತ್ತಲ ತಂತಿಯ ಮೇಲೆ ಒಣಗುತ್ತಿದ್ದ ಜಿಪ್ಪಿನ ಬನೀನು ಕಂಡು ಇದೇನು ಎಂದು ಕೇಳಿದಾಗ ರವಿ ತಾನೇ ಎಲ್ಲ ಹೇಳಿದ. ದೇವರಾಜ ಕಾಲಿನ ಬೂಟು ಬಿಚ್ಚುವುದನ್ನೂ ಮರೆತು ಮೆಟ್ಟಿಲ ಮೇಲೆ ಕುಳಿತುಬಿಟ್ಟ. ಎದೆ ಅಳತೆಗೆ ಹೋಗಲಿಲ್ಲವೆಂದು ಅವತ್ತು ಮಗನಿಗೆ ಸೋಮಾರಿ, ಹೇಡಿ ಎಂದು ಬೈದಿದ್ದವನು ಅವನೇ. ಕಡೆಗೆ ಬೂಟಿನ ದಾರ ಬಿಚ್ಚುತ್ತ "ಊಟ ಆಯ್ತೇನೋ?" ಎಂದು ಮಾತ್ರ ಕೇಳಿದ.

ದ್ಯಾವಯ್ಯ ಶಾಖ ಕೊಡುವುದನ್ನು ಬಿಟ್ಟ. ಬಂದವರಿಗೆ ಆಸ್ಪತ್ರೆ ತೋರಿಸುತ್ತಿದ್ದ. ಅಂಗಿಯ ಕಥೆಯನ್ನೂ ಹೇಳುತ್ತಿರಲಿಲ್ಲ. ರಜೆ ಮುಗಿದು ಅರಸೀಕೆರೆಗೆ ಹೋದ ರವಿ ಶನಿವಾರ ಸಂಜೆ ಮನೆಗೆ ಬರುತ್ತಿದ್ದ. ಮರುದಿನ ಬೆಳಗ್ಗೆ ಹಿತ್ತಲ ಬಿಸಿಲಿನಲ್ಲಿ ಪಕ್ಕದ ರಸ್ತೆಗೆ ಬೆನ್ನು ತಿರುಗಿಸಿ ಕುಳಿತು ಅಂಗಿ ಬಿಚ್ಚುತ್ತಿದ್ದ. ತಾತ ಡಾಕ್ಟರಮ್ಮ ಕೊಟ್ಟ ಮುಲಾಮು ಹಚ್ಚುತ್ತಿದ್ದ. ಒರಟು ಕೈ ಬೇಡವೆಂದು ಬರೀ ಕಿರುಬೆರಳಿನಲ್ಲಿ. ಪ್ರತಿ ಸಲವೂ ಕದ್ದು ಮುಖ ನೋಡುತ್ತಿದ್ದ. ಮುಖ ಸುಮ್ಮನಿರುತ್ತಿತ್ತು.

ಬೇಸಿಗೆ ಕಾಲಿಡುವ ಹೊತ್ತಿಗೆ ಒಂದು ಭಾನುವಾರ, ಬೆನ್ನು ತಿರುಗಿಸುವುದನ್ನು ಮರೆತು ರವಿ ರಸ್ತೆಯ ಕಡೆಗೇ ಮುಖ ಮಾಡಿ ಕುಳಿತು ಚಲುವಮ್ಮನ ಜೊತೆ ಹರಟುತ್ತಿದ್ದ. ದ್ಯಾವಯ್ಯ ಸುಟ್ಟ ಕಲೆಯ ಅಂಚಿಗೆ ಮುಲಾಮು ಸವರಿದ.

"ಸ್ಸ್! ಏನ್ ತಾತ, ಉಗುರು ಕತ್ತರ್ಸ್ಕೊಳ್ಳಲ್ವಾ ನೀನು? ಚುಚ್ಚತ್ತೆ."

ದ್ಯಾವಯ್ಯನ ಬೆರಳು ಗಾಳಿಯಲ್ಲೇ ನಿಂತಿತು.

"ಏನಂದೆ?"

"ಚುಚ್ಚತ್ತೆ ಅಂದೆ."

"ಎಲ್ಲಿ?"

"ಅಲ್ಲೇ. ನೀನು ಹಚ್ತಾ ಇದ್ದೀಯಲ್ಲ, ಅಲ್ಲೇ..." ರವಿಯ ಮಾತು ಅರ್ಧಕ್ಕೆ ನಿಂತಿತು. ಬಗ್ಗಿ ತನ್ನ ಎದೆ ನೋಡಿಕೊಂಡ. ಆಮೇಲೆ ತಾತನನ್ನು ನೋಡಿದ.

ದ್ಯಾವಯ್ಯ ನೆಲಕ್ಕೆ ಕೈಯೂರಿ ಕುಳಿತಿದ್ದ. ಮುಲಾಮಿನ ಕಿರುಬೆರಳನ್ನು ಮಣ್ಣು ತಗುಲದಂತೆ ಮೇಲಕ್ಕೆ ಹಿಡಿದಿದ್ದ.

"ಇನ್ನೊಂದ್ ಸಲ ಅನ್ನು ಮಗಾ" ಎಂದ. "ನಿಮ್ಮಜ್ಜಿಗೆ ಕೇಳಂಗೆ ಅನ್ನು."